ಹಳೇ ಬೇಸ್ ಗಿಟಾರಿನ ಪಿಕ್‌ಗಾರ್ಡ್ ಸೀಳದಂತೆ ಉಳಿಸಿಕೊಂಡ ಕೆಲಸ: ಹಂತ ಹಂತದ ಟಿಪ್ಪಣಿ

ಕೆಲಸ ಬಹುಪಾಲು ಮುಗಿದಿದೆ. ಒಂದು ತುದಿ ಮಾತ್ರ ಇನ್ನೂ ನನ್ನ ಮಾತು ಕೇಳುತ್ತಿಲ್ಲ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ, ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾಗಲಿ.

ಬೇಸ್ 1960ರ ದಶಕದ ಮೊದಲ ವರ್ಷಗಳ, ಫೆಂಡರ್ ಕಂಪನಿಯ ಪ್ರಿಸಿಷನ್ ಮಾದರಿ. ಪಿಕ್‌ಗಾರ್ಡ್ ಅಂದರೆ ಬಾಡಿಗೆ (ಗಿಟಾರಿನ ಮರದ ಒಡಲು) ಗೀರು ಬೀಳದಂತೆ ಮುಂಭಾಗಕ್ಕೆ ಹಾಕುವ ಹಾಳೆ. ಇದರದ್ದು ಆಮೆಚಿಪ್ಪಿನ ಬಣ್ಣದ ಸೆಲ್ಯುಲಾಯ್ಡ್ (ಹಳೇ ಕಾಲದ ಒಂದು ಪ್ಲಾಸ್ಟಿಕ್), ಪದರ ಪದರವಾಗಿ ಅಂಟಿಸಿದ್ದು, ದಪ್ಪ ಸುಮಾರು ಎರಡೂವರೆ ಮಿ.ಮೀ. ಸುತ್ತ 13 ಸ್ಕ್ರೂ. ಅಡಿಯಲ್ಲಿ ತೆಳು ಅಲ್ಯೂಮಿನಿಯಂ ತಗಡು. ವಾಲ್ಯೂಮ್ ಪಾಟ್, ಟೋನ್ ಪಾಟ್ (ಸದ್ದು, ನಾದ ಹೊಂದಿಸುವ ಗುಂಡಿಗಳ ಒಳಭಾಗ), ಜ್ಯಾಕ್ (ಕೇಬಲ್ ಚುಚ್ಚುವ ಜಾಗ) ಮೂರೂ ಈ ಪಿಕ್‌ಗಾರ್ಡಿಗೇ ಕಚ್ಚಿಕೊಂಡಿವೆ. ಅಂದರೆ ಕೇಬಲ್ ಎಳೆದರೆ ಆ ಪೆಟ್ಟು ನೇರವಾಗಿ ಬೀಳುವುದು ಅರವತ್ತು ವರ್ಷದ ಪ್ಲಾಸ್ಟಿಕ್ ಮೇಲೆ.

ಕಾರಣವನ್ನು ಒಂದೇ ಸಲ ಹೇಳಿ ಮುಗಿಸುತ್ತೇನೆ. ಸೆಲ್ಯುಲಾಯ್ಡ್ ಮಾಡುವಾಗ ನೈಟ್ರೋಸೆಲ್ಯುಲೋಸ್ ಜೊತೆ ಕರ್ಪೂರ ಸೇರಿಸುತ್ತಾರೆ. ಬಳುಕುವ ಗುಣ ಬರುವುದು ಕರ್ಪೂರದಿಂದ. ತೆರೆದಿಟ್ಟ ಕರ್ಪೂರ ತಾನಾಗಿಯೇ ಸವೆದು ಹೋಗುವುದನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ, ಪಿಕ್‌ಗಾರ್ಡಿನ ಒಳಗೂ ಅದೇ ನಡೆಯುತ್ತದೆ, ಆದರೆ ದಶಕಗಟ್ಟಲೆ ನಿಧಾನವಾಗಿ. ಕರ್ಪೂರ ಹೋದಷ್ಟೂ ಹಾಳೆ ಕುಗ್ಗುತ್ತದೆ, ಗಡುಸಾಗುತ್ತದೆ. ಬಾಡಿಯ ಮರ ಹಾಗೆ ಕುಗ್ಗುವುದಿಲ್ಲ. ಸ್ಕ್ರೂಗಳು ಮರದಲ್ಲಿ ಇದ್ದ ಜಾಗದಲ್ಲೇ ನಿಂತಿರುತ್ತವೆ, ಪಿಕ್‌ಗಾರ್ಡ್ ಒಳಕ್ಕೆ ಎಳೆಯುತ್ತಿರುತ್ತದೆ. ಕೊನೆಗೆ ತೂತು ಮತ್ತು ಅಂಚಿನ ನಡುವಿನ ಕಿರಿದಾದ ಪಟ್ಟಿ ಸೀಳುತ್ತದೆ. ಸ್ಕ್ರೂ ಬಿಗಿಯಾಗಿದ್ದರೆ ಪಿಕ್‌ಗಾರ್ಡ್ ಭದ್ರ ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಹಳೇ ಸೆಲ್ಯುಲಾಯ್ಡ್ ವಿಷಯದಲ್ಲಿ ಆ ಬಿಗಿಯೇ ಅದನ್ನು ಒಡೆಯುವುದು.

ಹಂತ 1: ಸ್ಕ್ರೂಡ್ರೈವರ್ ಮುಟ್ಟುವ ಮೊದಲು

ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ ಬೇಸನ್ನು ಅಂಗಾತ ಮಲಗಿಸಿದೆ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಪಿಕ್‌ಗಾರ್ಡಿನ ಮಟ್ಟಕ್ಕೇ ಹಿಡಿದು ಪಕ್ಕದಿಂದ ಬೆಳಕು ಬಿಟ್ಟೆ. ಮೇಲಿನ ಬೆಳಕಿನಲ್ಲಿ ಕಾಣದ ಕೂದಲೆಳೆ ಬಿರುಕುಗಳು ಹೀಗೆ ನೋಡಿದರೆ ಎದ್ದು ಕಾಣುತ್ತವೆ.

ಜ್ಯಾಕ್ ಹತ್ತಿರದ ಮೂಲೆಯ ತೂತಿನಿಂದ ಅಂಚಿನವರೆಗೆ ಪೂರ್ತಿ ಸೀಳಿತ್ತು. ನೆಕ್ (ಗಿಟಾರಿನ ಉದ್ದ ಕತ್ತು) ಪಕ್ಕದ ಮೇಲಿನ ತುದಿಯ ತೂತಿನಿಂದ ಸುಮಾರು 4 ಮಿ.ಮೀ. ಉದ್ದದ ಕೂದಲೆಳೆ ಬಿರುಕು ಒಳಮುಖವಾಗಿ ಹೊರಟಿತ್ತು. ಜ್ಯಾಕಿನ ನಟ್ ಸಡಿಲ, ಅದರ ಸುತ್ತ ಉಂಗುರದ ಹಾಗೆ ಗೀರು. ಅಂಚಿನ ಸ್ಕ್ರೂಗಳ ತಲೆಗಳು ಒಳಕ್ಕೆ ವಾಲಿದ್ದವು.

ಎಲ್ಲಕ್ಕಿಂತ ಮುಖ್ಯ ಆ ಕೊನೆಯ ಗುರುತು. ತಲೆ ಪಿಕ್‌ಗಾರ್ಡಿನ ಮಧ್ಯದ ಕಡೆ ವಾಲಿದೆ ಅಂದರೆ ಆ ಸ್ಕ್ರೂವನ್ನು ಪ್ಲಾಸ್ಟಿಕ್ ಎಳೆಯುತ್ತಿದೆ ಅಂತಲೇ ಅರ್ಥ. ಬಿರುಕು ಇನ್ನೂ ಬಿಡದ ಬೇಸ್‌ನಲ್ಲೂ ಇದು ಕಾಣುತ್ತದೆ. ನಿಮ್ಮಲ್ಲಿ ಹಳೇ ಬೇಸ್ ಇದ್ದರೆ ಮೊದಲು ಇದೊಂದನ್ನು ನೋಡಿ. ಸೀಳುವ ಮೊದಲೇ ಎಳೆತ ಇಳಿಸಿದರೆ ಮುಂದಿನ ಅರ್ಧ ಕೆಲಸ ಬೇಕಾಗುವುದೇ ಇಲ್ಲ.

ಇದು ನಿಜವಾಗಿ ಸೆಲ್ಯುಲಾಯ್ಡೇ ಅಂತ ತಿಳಿಯಲು ಅಂಚನ್ನು ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿದೆ. ಕರ್ಪೂರದ ವಾಸನೆ ಬಂತು. ಬೆಂಕಿ ತಾಗಿಸಿ ಪರೀಕ್ಷೆ ಮಾಡುವ ಯೋಚನೆ ಬೇಡವೇ ಬೇಡ. ಈ ವಸ್ತು ಧಗ್ಗನೆ ಹತ್ತಿಕೊಳ್ಳುತ್ತದೆ.

ಹಂತ 2: ಸ್ಕ್ರೂ ಬಿಚ್ಚುವುದು

ಬೇಕಾದದ್ದು: ನಂಬರ್ 1 ಫಿಲಿಪ್ಸ್ ಸ್ಕ್ರೂಡ್ರೈವರ್, ತೆಳು ಬ್ಲೇಡ್, ಒಂದು ರಟ್ಟು, ಪೆನ್ಸಿಲ್. ರಟ್ಟಿನ ಮೇಲೆ ಪಿಕ್‌ಗಾರ್ಡಿನ ಆಕಾರ ಬರೆದುಕೊಂಡು, ಬಿಚ್ಚಿದ ಸ್ಕ್ರೂವನ್ನು ಅದರ ಜಾಗದಲ್ಲೇ ಚುಚ್ಚಿಡಬೇಕು. ಹಳೇ ಮರದ ತೂತುಗಳಲ್ಲಿ ಒಂದೊಂದರ ಹಿಡಿತ ಒಂದೊಂದು ಥರ. ಸ್ಕ್ರೂ ಅದಲು ಬದಲಾದರೆ ಹಿಡಿತ ತಪ್ಪುತ್ತದೆ.

ತಂತಿಗಳನ್ನು ಪೂರ್ತಿ ಸಡಿಲಿಸಿ ಪಕ್ಕಕ್ಕೆ ಸರಿಸಿದೆ. ಬೆರಳು ಆನಿಸುವ ಪಟ್ಟಿಯನ್ನು ತೆಗೆದೆ. ಅದರ ಸ್ಕ್ರೂಗಳೂ ಪಿಕ್‌ಗಾರ್ಡನ್ನು ಹಿಡಿದಿರುತ್ತವೆ ಅನ್ನುವುದು ಸುಲಭವಾಗಿ ಮರೆತುಹೋಗುವ ವಿಷಯ.

ಮೊದಲು ಹೊರಬರಬೇಕಾದದ್ದು ಸೀಳಿದ ತೂತಿನ ಸ್ಕ್ರೂ. ಅಲ್ಲಿ ಬಲವೇ ಉಳಿದಿಲ್ಲ. ಉಳಿದವನ್ನು ಒಂದೊಂದಾಗಿ ಪೂರ್ತಿ ಬಿಚ್ಚಬಾರದು. ಒಂದು ಬಿಟ್ಟ ಕೂಡಲೇ ಅದರ ಎಳೆತ ಪಕ್ಕದ ಸ್ಕ್ರೂ ಮೇಲೆ ಬೀಳುತ್ತದೆ. ಹಾಗಾಗಿ ಪ್ರತಿಯೊಂದಕ್ಕೂ ಅರ್ಧ ಸುತ್ತು ಕೊಡುತ್ತಾ ಸುತ್ತ ಬಂದೆ. ಎರಡನೇ ಸುತ್ತಿನಲ್ಲಿ ಪಿಕ್‌ಗಾರ್ಡ್ ಸಣ್ಣಗೆ ಟಿಕ್ ಅಂದು ಒಳಕ್ಕೆ ಸರಿಯಿತು. ಬಿರುಕು ಬಿಟ್ಟಿತೇನೋ ಅಂತ ಎದೆ ಝಲ್ಲೆಂದಿತು. ಟಾರ್ಚ್ ಹಿಡಿದು ನೋಡಿದರೆ ಹೊಸ ಗೆರೆ ಏನೂ ಇರಲಿಲ್ಲ, ಎಳೆತ ಇಳಿದ ಸದ್ದಷ್ಟೇ.

ಎರಡು ಸ್ಕ್ರೂ ತುಕ್ಕು ಹಿಡಿದು ಪ್ಲಾಸ್ಟಿಕ್‌ಗೇ ಅಂಟಿಕೊಂಡಿದ್ದವು. ಇಂಥ ಕಡೆ ಸೋಲ್ಡರಿಂಗ್ ಐರನ್ ತುದಿಯನ್ನು ತಲೆಗೆ ಒತ್ತಿ ಬಿಸಿ ಮಾಡುವ ಉಪಾಯ ರಿಪೇರಿ ಮಾಡುವವರಲ್ಲಿ ಬಳಕೆಯಲ್ಲಿದೆ. ಬೇರೆ ಕಡೆ ಚೆನ್ನಾಗಿ ಕೆಲಸ ಮಾಡುತ್ತದೆ. ಸೆಲ್ಯುಲಾಯ್ಡ್ ಇದ್ದಲ್ಲಿ ಬೆಂಕಿಗೆ ಆಹ್ವಾನ. ತುಕ್ಕಿಗೆ ಎಣ್ಣೆಯೂ ಬೇಡ, ಮರ ಹೀರಿಕೊಂಡು ಕಲೆಯಾಗುತ್ತದೆ. ಬ್ಲೇಡಿನ ತುದಿಯಿಂದ ತಲೆಯ ಸುತ್ತ ಅಂಟಿದ ಕೊಳೆ ಬಿಡಿಸಿ, ಕೂದಲೆಳೆಯಷ್ಟು ಬಿಗಿಸುವುದು, ಕೂದಲೆಳೆಯಷ್ಟು ಸಡಿಲಿಸುವುದು. ಹೀಗೇ ಮಾಡುತ್ತಾ ಹೋದರೆ ಬರುತ್ತದೆ. ಬಂತು.

ಆದರೂ ಪಿಕ್‌ಗಾರ್ಡ್ ಮೇಲೇಳಲಿಲ್ಲ. ಪಿಕಪ್‌ಗೆ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ಬಿಟ್ಟ ಕಿಂಡಿ ಕುಗ್ಗಿ ಪಿಕಪ್ ಕವರನ್ನು ಕಚ್ಚಿ ಹಿಡಿದಿತ್ತು. ಇಲ್ಲಿ ಎತ್ತಲು ಹೋದರೆ ಕಿಂಡಿಯ ಮೂಲೆ ಒಡೆಯುತ್ತದೆ. ಪಿಕಪ್‌ನ ಸ್ಕ್ರೂ ಬಿಚ್ಚಿ, ಪಿಕಪ್ಪನ್ನೇ ಮೆಲ್ಲಗೆ ಕೆಳಕ್ಕೆ ಒತ್ತಿದೆ. ಅಡಿಯಲ್ಲಿ ಫೋಮ್ ಇರುವುದರಿಂದ ಒಂದಿಷ್ಟು ಇಳಿಯುತ್ತದೆ. ಆಮೇಲೆ ಪಿಕ್‌ಗಾರ್ಡ್ ತಾನಾಗಿ ಬಿಟ್ಟಿತು. ವೈರುಗಳು ಎಳೆಯದಷ್ಟೇ ಎತ್ತಿ, ತಿರುಗಿಸಿ ಬಾಡಿಯ ಮೇಲೇ ಬಟ್ಟೆ ಹಾಸಿ ಮಲಗಿಸಿದೆ. ನಂತರ ಪಾಟ್ ಮತ್ತು ಜ್ಯಾಕ್ ನಟ್ ಬಿಚ್ಚಿದರೆ ಪಿಕ್‌ಗಾರ್ಡ್ ಒಂದೇ ಬೇರೆ ಬರುತ್ತದೆ. ಹಳೇ ಸೋಲ್ಡರನ್ನು ಮುಟ್ಟುವ ಅಗತ್ಯವೇ ಇಲ್ಲ. ಹಳೇ ಬೇಸ್‌ನಲ್ಲಿ ಅದೂ ಉಳಿಸಿಕೊಳ್ಳಬೇಕಾದ ವಸ್ತುವೇ.

ಹಂತ 3: ಅಳತೆ

ಬಾಡಿಯ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು 13 ತೂತುಗಳ ನಡುವನ್ನೂ ಗುರುತಿಸಿದೆ. ಅದೇ ಹಾಳೆಯನ್ನು ಪಿಕ್‌ಗಾರ್ಡ್ ಮೇಲೆ ಇಟ್ಟೆ. ಉದ್ದದ ಕಡೆ ಎರಡು ತುದಿಗಳ ನಡುವೆ ಸುಮಾರು 2 ಮಿ.ಮೀ. ಕಡಿಮೆ ಬಂತು. ಅಗಲದಲ್ಲಿ ಕುಗ್ಗಿದ್ದು ಅರ್ಧ ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ.

ಎರಡು ಮಿ.ಮೀ. ಅಂದರೆ ಏನು ಮಹಾ ಅನ್ನಿಸಬಹುದು. ನಂಬರ್ 4 ಸ್ಕ್ರೂವಿನ ದಪ್ಪ 2.8 ಮಿ.ಮೀ., ಪಿಕ್‌ಗಾರ್ಡಿನ ತೂತು 3.2ರ ಆಸುಪಾಸು. ಆಚೀಚೆ ಇರುವ ಸಡಿಲ ತಲಾ 0.2 ಮಿ.ಮೀ. ಮಾತ್ರ. ಪ್ರತಿ ತುದಿ ಒಂದು ಮಿ.ಮೀ. ಸರಿದಿದ್ದರೆ ಉಳಿದ 0.8 ಮಿ.ಮೀ. ಅಷ್ಟೂ ಎಳೆತವೇ.

ಪಿಕ್‌ಗಾರ್ಡನ್ನು ಬರಿದಾಗಿ ಬಾಡಿಯ ಮೇಲೆ ಇಟ್ಟು, ಎಲ್ಲ ತೂತಿಗೂ ಆದಷ್ಟು ಹೊಂದುವ ಹಾಗೆ ಸರಿಸಿ, ಒಂದೊಂದೇ ಸ್ಕ್ರೂ ಬೆರಳಲ್ಲಿ ಇಳಿಬಿಟ್ಟು ನೋಡಿದೆ. ಎಂಟು ತೂತುಗಳಲ್ಲಿ ಸ್ಕ್ರೂ ತಾನಾಗಿ ಇಳಿಯಿತು. ಎರಡರಲ್ಲಿ ಒರಸಿಕೊಂಡು ಇಳಿಯಿತು. ಮೂರರಲ್ಲಿ ಇಳಿಯಲೇ ಇಲ್ಲ. ಸೀಳಿದ ಎರಡೂ ಆ ಮೂರರಲ್ಲೇ ಇವೆ.

ಹಂತ 4: ಸೀಳನ್ನು ಕೂಡಿಸುವುದು

ಅಸಲಿ ಪಿಕ್‌ಗಾರ್ಡ್ ಮುಟ್ಟುವ ಮೊದಲು ಒಡೆದು ಬಿಸಾಡಿದ್ದ ಬೇರೊಂದು ಸೆಲ್ಯುಲಾಯ್ಡ್ ಪಿಕ್‌ಗಾರ್ಡಿನ ತುಂಡುಗಳ ಮೇಲೆ ಪ್ರಯೋಗ ಮಾಡಿದೆ.

ತೆಳು ಸೂಪರ್ ಗ್ಲೂ: ಚೆನ್ನಾಗಿ ಕಚ್ಚಿತು. ಆದರೆ ಸುತ್ತ ಬಿಳಿ ಮಂಜು ಕಟ್ಟಿತು. ಸ್ವಲ್ಪ ಬಗ್ಗಿಸಿದಾಗ ಅಂಟಿದ ಗೆರೆಯ ಪಕ್ಕದಲ್ಲೇ ಹೊಸ ಬಿರುಕು ಬಂತು. ಬಿಟ್ಟೆ.

ಬ್ರಷ್‌ನಲ್ಲಿ ಅಸಿಟೋನ್: ಅಸಿಟೋನ್ ಸೆಲ್ಯುಲಾಯ್ಡನ್ನೇ ಕರಗಿಸಿ ಒಂದಾಗಿಸುತ್ತದೆ, ಅಂಟು ಬೇಕಿಲ್ಲ. ಆದರೆ ಬ್ರಷ್ ತುಂಬಾ ಜಾಸ್ತಿ ಬಿಟ್ಟಿತು. ಮೇಲ್ಮೈ ಮಂಕಾಯಿತು, ತೆಳು ಅಂಚು ಒಣಗುವಾಗ ಮುದುಡಿತು. ಮತ್ತೆ ಸರಿಯಾಗಲಿಲ್ಲ.

ಸೂಜಿ ತುದಿಯಲ್ಲಿ ಅಸಿಟೋನ್, ಅಡಿಯ ಕಡೆಯಿಂದ: ಇದು ಕೆಲಸ ಮಾಡಿತು. ಸೀಳನ್ನು ಬೆರಳಿನಿಂದ ಮುಚ್ಚಿ ಹಿಡಿದು, ಹಿಂಬದಿಯಿಂದ ಒಂದು ಸಣ್ಣ ಹನಿ ತಾಗಿಸಿದರೆ ಅದು ತಾನೇ ಸೀಳಿನೊಳಗೆ ಹರಿಯುತ್ತದೆ. ಮುಂಭಾಗಕ್ಕೆ ಬರುವ ಮೊದಲು ನಿಲ್ಲಿಸಬೇಕು.

ಅಸಲಿಗೆ ಈ ಮೂರನೆಯದನ್ನೇ ಮಾಡಿದೆ. ಕಿಟಕಿ ತೆರೆದು, ಒಲೆ, ಸೋಲ್ಡರಿಂಗ್ ಐರನ್, ಹೀಟರ್ ಯಾವುದೂ ಆ ಕೋಣೆಯಲ್ಲಿ ಇಲ್ಲದಂತೆ ನೋಡಿಕೊಂಡೆ. ಅಸಿಟೋನೂ ಸೆಲ್ಯುಲಾಯ್ಡೂ ಎರಡೂ ಬೆಂಕಿಗೆ ಕಾದು ಕುಳಿತ ವಸ್ತುಗಳು. ಗಾಜಿನ ತುಂಡಿನ ಮೇಲೆ ಬೇಕಿಂಗ್ ಪೇಪರ್ ಇಟ್ಟು, ಸಪಾಟಾಗಿ ಒತ್ತಿ, ಒಂದು ವಾರ ಹಾಗೇ ಬಿಟ್ಟೆ. ಮರುದಿನವೇ ಗಟ್ಟಿಯಾದಂತೆ ಕಾಣುತ್ತದೆ, ಒಳಗೆ ಮೆತ್ತಗೇ ಇರುತ್ತದೆ. ಅವಸರ ಮಾಡಬಾರದು.

ಕೂದಲೆಳೆ ಬಿರುಕಿನ ತುದಿಗೆ ಒಂದು ಮಿ.ಮೀ. ತೂತು ಕೊರೆದು ಮುಂದೆ ಹೋಗದಂತೆ ನಿಲ್ಲಿಸುವ ಪದ್ಧತಿ ಇದೆ. ನಾನು ಮಾಡಲಿಲ್ಲ. ಅದು ಅಳಿಸಲಾಗದ ಗುರುತು. ಎಳೆತವನ್ನೇ ತೆಗೆದರೆ ಬಿರುಕು ಮುಂದೆ ಹೋಗಲು ಕಾರಣ ಉಳಿಯುವುದಿಲ್ಲ.

ಹಂತ 5: ತೂತು ಅಗಲ ಮಾಡಬೇಕೇ, ಬೇಡವೇ?

ನನಗೆ ಬಹಳ ಯೋಚನೆ ಹಿಡಿದದ್ದು ಇಲ್ಲೇ. ತೂತನ್ನು ಅಗಲ ಮಾಡಿಬಿಡಿ ಅನ್ನುವುದು ಎಲ್ಲರೂ ಕೊಡುವ ಸಲಹೆ. ಯಾವ ಕಡೆಗೆ ಅಗಲ ಮಾಡಬೇಕು ಅಂತ ಯೋಚಿಸಿ ನೋಡಿ. ಪಿಕ್‌ಗಾರ್ಡ್ ಒಳಕ್ಕೆ ಕುಗ್ಗಿದೆ. ಹಾಗಾಗಿ ಮರದ ತೂತು ಈಗ ಹೊರಗಡೆ ಇದೆ. ತೂತನ್ನು ಉದ್ದ ಮಾಡಬೇಕಾದದ್ದು ಅಂಚಿನ ಕಡೆಗೇ! ಮೊದಲೇ ಸೀಳುವ ಆ ಕಿರಿದಾದ ಪಟ್ಟಿಯನ್ನೇ ಇನ್ನಷ್ಟು ಕಿರಿದು ಮಾಡಿದಂತಾಗುತ್ತದೆ.

ಇನ್ನೊಂದು ತೊಡಕಿದೆ. ಸ್ಕ್ರೂ ತಲೆ ಶಂಕುವಿನ ಆಕಾರದ್ದು. ತೂತಿನ ಮೇಲ್ಭಾಗವೂ ಅದಕ್ಕೆ ಸರಿಯಾಗಿ ಇಳಿಜಾರು. ಸ್ಕ್ರೂವಿನ ಕಾಲು (ತಲೆಯ ಕೆಳಗಿನ ಭಾಗ) ಹೋಗುವ ತೂತನ್ನು ಮಾತ್ರ ಅಗಲ ಮಾಡಿದರೆ ಸಾಲದು. ಬಿಗಿಸುವಾಗ ತಲೆ ಆ ಇಳಿಜಾರಿಗೆ ಬೆಣೆಯ ಹಾಗೆ ಇಳಿದು ಪಿಕ್‌ಗಾರ್ಡನ್ನು ಮತ್ತೆ ಹೊರಕ್ಕೆ ತಳ್ಳುತ್ತದೆ. ಕಾಲಿಗೆ ಜಾಗ ಇದ್ದೂ ಸೀಳುವುದು ಇದರಿಂದಲೇ.

ಹೀಗಾಗಿ ಇಳಿಯದ ಮೂರು ತೂತುಗಳಿಗೆ ಸ್ಕ್ರೂವನ್ನೇ ಹಾಕಲಿಲ್ಲ. ಮರದಲ್ಲಿ ಹೊಸ ತೂತು ಕೊರೆಯುವ ಮಾತಂತೂ ಇಲ್ಲವೇ ಇಲ್ಲ, ಹಳೇ ಬಾಡಿಗೆ ಅದು ಅನ್ಯಾಯ. ಒರಸಿಕೊಂಡು ಇಳಿದ ಎರಡು ತೂತುಗಳನ್ನು ಹಿಂದೆ ಯಾರೋ ಒಮ್ಮೆ ಅಗಲ ಮಾಡಿದ್ದರು, ಅಂಚಿನವರೆಗೆ ಒಳ್ಳೆಯ ಅಗಲವೂ ಇತ್ತು. ಅವಕ್ಕೆ ಮಾತ್ರ ಸೂಜಿ ಅರದಿಂದ ಕಾಲು ಮಿ.ಮೀ. ಉಜ್ಜಿದೆ, ಇಳಿಜಾರನ್ನೂ ಅದೇ ಕಡೆಗೆ ಸ್ವಲ್ಪ ಇಳಿಸಿದೆ. ಕೈ ಅರವೇ ಬೇಕು. ಯಂತ್ರದ ಅರ ಬಿಸಿಯಾಗುತ್ತದೆ, ಸೆಲ್ಯುಲಾಯ್ಡ್ ಪುಡಿ ಹತ್ತಿಕೊಳ್ಳಲು ಅದು ಸಾಕು.

ಖಾಲಿ ತೂತು ಕಾಣುವುದು ಇಷ್ಟವಿಲ್ಲದವರಿಗೆ ಒಂದು ದಾರಿ: ಹೊಸ ಸ್ಕ್ರೂ ತಂದು ಕಾಲು ಕತ್ತರಿಸಿ, ತಲೆಯನ್ನಷ್ಟೇ ಒಂದು ಚೂರು ಮೇಣ ಹಚ್ಚಿ ತೂತಿನಲ್ಲಿ ಕೂರಿಸುವುದು. ನೋಡಲು 13 ಸ್ಕ್ರೂ, ಎಳೆತ ಸೊನ್ನೆ. ಅಸಲಿ ಸ್ಕ್ರೂಗಳನ್ನು ಕತ್ತರಿಸಬೇಡಿ. ಯಾವ ತೂತಿನದು ಅಂತ ಬರೆದು ಪೊಟ್ಟಣ ಕಟ್ಟಿಡಿ.

ಹಂತ 6: ಜ್ಯಾಕ್ ಮೂಲೆ

ನಟ್ ಸಡಿಲವಾದಾಗ ಹೊರಗಿನಿಂದ ಸುಮ್ನೆ ಬಿಗಿಸಿದರೆ ಜ್ಯಾಕ್ ಒಳಗೇ ತಿರುಗುತ್ತದೆ. ವೈರ್ ತಿರುಚಿಕೊಳ್ಳುತ್ತದೆ, ನಟ್ ಪ್ಲಾಸ್ಟಿಕ್ಕನ್ನು ಉಜ್ಜುತ್ತದೆ. ಆ ಉಂಗುರದ ಗೀರು ಬಂದದ್ದು ಹಾಗೆಯೇ ಇರಬೇಕು.

ಒಳಗಡೆ ಹಲ್ಲಿನ ವಾಷರ್ ಹಾಕಿದೆ. ಅದರ ಹಲ್ಲು ಅಲ್ಯೂಮಿನಿಯಂ ತಗಡಿಗೆ ಕಚ್ಚಬೇಕೇ ಹೊರತು ಪ್ಲಾಸ್ಟಿಕ್‌ಗಲ್ಲ. ಹೊರಗಡೆ ನಟ್ ಅಡಿಗೆ ನುಣುಪಾದ ಚಪ್ಪಟೆ ವಾಷರ್. ಒಳಗಿನ ಜ್ಯಾಕನ್ನು ಕೈಯಲ್ಲಿ ಹಿಡಿದುಕೊಂಡೇ ನಟ್ ತಿರುಗಿಸಿದೆ. ಪಾಟ್‌ಗಳಿಗೂ ಇದೇ ಕ್ರಮ. ಅಲ್ಯೂಮಿನಿಯಂ ತಗಡನ್ನು ಕಳೆದುಕೊಳ್ಳಬೇಡಿ. ಗುಂಯ್ ಸದ್ದು ತಡೆಯಲು ಇಟ್ಟದ್ದಾದರೂ ನಟ್‌ಗಳ ಒತ್ತಡವನ್ನು ಹಂಚುವುದೂ ಅದೇ.

ನುಡಿಸುವಾಗ ಕೇಬಲನ್ನು ಭುಜದ ಪಟ್ಟಿಯೊಳಗಿಂದ ಒಂದು ಸುತ್ತು ತಂದು ಜ್ಯಾಕಿಗೆ ಹಾಕಬೇಕು. ಯಾರಾದರೂ ಕೇಬಲ್ ತುಳಿದರೆ ಎಳೆತ ಪಟ್ಟಿಗೆ ಬೀಳುತ್ತದೆ. ಖರ್ಚಿಲ್ಲದ ಕೆಲಸ, ಈ ಹಂತಗಳಲ್ಲೆಲ್ಲ ಹೆಚ್ಚು ಫಲ ಕೊಡುವುದೂ ಇದೇ ಅಂತ ನನ್ನ ಅಭಿಪ್ರಾಯ. ಕೇಬಲ್ ತೆಗೆಯುವಾಗ ಒಂದು ಕೈಯಿಂದ ಜ್ಯಾಕ್ ಸುತ್ತಲಿನ ಜಾಗವನ್ನು ಒತ್ತಿಹಿಡಿಯಿರಿ.

ಹಂತ 7: ಮರಳಿ ಕೂರಿಸುವುದು

ಪಿಕಪ್ ಕೆಳಗೇ ಇರುವಾಗ ಪಿಕ್‌ಗಾರ್ಡನ್ನು ಇಳಿಸಿ, ಆಮೇಲೆ ಪಿಕಪ್ ಮೇಲಕ್ಕೆ ತಂದೆ. ಅದು ಕಿಂಡಿಗೆ ಎಲ್ಲೂ ತಾಗಬಾರದು. ಸಾಮಾನ್ಯ ಕಾಗದದ ತುಂಡನ್ನು ಸುತ್ತ ಆಡಿಸಿ ನೋಡಿದೆ. ಒಂದು ಕಡೆ ಸಿಕ್ಕಿಕೊಂಡಿತು, ಪಿಕಪ್ಪನ್ನು ಅದರ ಎದುರು ಬದಿಗೆ ಸರಿಸಿದ ಮೇಲೆ ಸರಿಹೋಯಿತು.

ಮರದಲ್ಲಿ ಸವೆದ ಎರಡು ತೂತುಗಳಿಗೆ ಟೂತ್‌ಪಿಕ್ ತುಂಡನ್ನು ಮರದ ಅಂಟಿನಲ್ಲಿ ಅದ್ದಿ ತುಂಬಿ, ಒಣಗಿದ ಮೇಲೆ ಬಾಡಿಯ ಮಟ್ಟಕ್ಕೆ ಕತ್ತರಿಸಿದ್ದೆ. ಸ್ಕ್ರೂ ಎಳೆಗಳಿಗೆ ಮೇಣ ಉಜ್ಜಿದೆ. ಸ್ಕ್ರೂವನ್ನು ತೂತಿನಲ್ಲಿ ಇಟ್ಟು ಮೊದಲು ಹಿಂದಕ್ಕೆ ತಿರುಗಿಸಬೇಕು. ಹಳೇ ಎಳೆಗೆ ಟಕ್ ಅಂತ ಬೀಳುವುದು ಕೈಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದಕ್ಕೆ. ಹೀಗೆ ಮಾಡದಿದ್ದರೆ ಪ್ರತಿ ಸಲವೂ ಹೊಸ ಎಳೆ ಕೊರೆದು ಮರ ಪುಡಿಯಾಗುತ್ತದೆ.

ನಡುವಿನಿಂದ ಶುರು ಮಾಡಿ ತುದಿಗಳ ಕಡೆಗೆ ಹೋದೆ. ತಲೆ ಪ್ಲಾಸ್ಟಿಕ್‌ಗೆ ತಾಗಿದ ಕೂಡಲೇ ನಿಲ್ಲಿಸಿ, ಎಂಟರಲ್ಲಿ ಒಂದು ಸುತ್ತು ಹಿಂದಕ್ಕೆ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯದೆ ಎರಡೇ ಬೆರಳಲ್ಲಿ ತಿರುಗಿಸಿದರೆ ಜಾಸ್ತಿ ಬಿಗಿಯಾಗುವ ಭಯವಿಲ್ಲ. ಪವರ್ ಸ್ಕ್ರೂಡ್ರೈವರ್ ಈ ಮೇಜಿನ ಹತ್ತಿರವೂ ಬೇಡ. ಕೊನೆಗೆ ಪಿಕ್‌ಗಾರ್ಡನ್ನು ಹೆಬ್ಬೆರಳಿಂದ ತಳ್ಳಿದರೆ ಅತಿ ಸಣ್ಣಗೆ ಅಲುಗಬೇಕು. ನುಡಿಸುವಾಗ ಗಿರಗುಟ್ಟುತ್ತದೇನೋ ಅಂದುಕೊಂಡಿದ್ದೆ. ಇಲ್ಲ, ಸದ್ದಿಲ್ಲ. ಹತ್ತು ಸ್ಕ್ರೂ ಧಾರಾಳ ಸಾಕು.

ಹಂತ 8: ವೇದಿಕೆಗೆ ಇನ್ನೊಂದು ಪಿಕ್‌ಗಾರ್ಡ್

ಮೂರು ಪದರದ ಪಿವಿಸಿ ಹಾಳೆಯಲ್ಲಿ ನಕಲು ಮಾಡಿದೆ. ಮೊದಲ ಟೆಂಪ್ಲೇಟ್ (ಕತ್ತರಿಸಲು ಬಳಸುವ ಅಳತೆಯ ಅಚ್ಚು) ಕೂರಲೇ ಇಲ್ಲ. ಹಳೇ ಪಿಕ್‌ಗಾರ್ಡಿನ ಸುತ್ತ ಪೆನ್ಸಿಲ್ ಎಳೆದು ಮಾಡಿದ್ದು ಅದು, ಆದ್ದರಿಂದ ಕುಗ್ಗಿದ ಅಳತೆಯೇ ಅದಕ್ಕೂ ಬಂತು. ಎರಡನೆಯದಕ್ಕೆ ಹಂತ 3ರ ಟ್ರೇಸಿಂಗ್ ಹಾಳೆಯಿಂದ, ಅಂದರೆ ಮರದ ತೂತುಗಳಿಂದಲೇ ಅಳತೆ ತೆಗೆದೆ. ಬಾಡಿಯ ಬಣ್ಣದ ಮೇಲೆ ಹಳೇ ಪಿಕ್‌ಗಾರ್ಡಿನ ಸುತ್ತ ಮಾಸದ ಒಂದು ಗೆರೆ ಇತ್ತು. ಹೊಸದಾಗಿದ್ದಾಗ ಅಂಚು ಎಲ್ಲಿತ್ತು ಅಂತ ಅದು ಹೇಳಿಕೊಟ್ಟಿತು.

6 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಟೆಂಪ್ಲೇಟ್, ಬೇರಿಂಗ್ ಇರುವ ರೌಟರ್ ಬಿಟ್ (ಅಂಚು ಕೊರೆಯುವ ಯಂತ್ರದ ಅಲಗು), ಅಂಚಿಗೆ 45 ಡಿಗ್ರಿ ಬಿಟ್. ಒಂದೇ ಜಾಗದಲ್ಲಿ ನಿಂತರೆ ಪಿವಿಸಿ ಕರಗಿ ಬಿಟ್‌ಗೆ ಸುತ್ತಿಕೊಳ್ಳುತ್ತದೆ, ಸರಿಯುತ್ತಲೇ ಇರಬೇಕು. ಸ್ಕ್ರೂ ತೂತು 3.5 ಮಿ.ಮೀ. ಮಾಡಿದೆ, ನೆಕ್ ಸುತ್ತ ಒಂದು ಕಾಗದದ ಸಂದು ಬಿಟ್ಟೆ. ಪಾಟ್, ಜ್ಯಾಕ್, ತಗಡು ಎಲ್ಲವನ್ನೂ ನಟ್ ಬಿಚ್ಚಿ ಇದಕ್ಕೆ ಸಾಗಿಸಬಹುದು. ಆದರೆ ವಾರಕ್ಕೊಮ್ಮೆ ಬದಲಾಯಿಸುವುದು ಬೇಡ. ಪ್ರತಿ ಬದಲಾವಣೆಯೂ ಹಳೇ ಪ್ಲಾಸ್ಟಿಕ್‌ಗೆ ಒಂದು ಅಪಾಯವೇ.

ಹಂತ 9: ಇಡುವುದು, ಒರೆಸುವುದು

ಹಳೇ ಸೆಲ್ಯುಲಾಯ್ಡ್ ಸವೆಯುವಾಗ ಆಮ್ಲದ ಆವಿ ಬಿಡುತ್ತದೆ. ಆ ಆವಿ ಮುಚ್ಚಿದ ಜಾಗದಲ್ಲಿ ಉಳಿದರೆ ಸವೆತ ಇನ್ನೂ ಜೋರಾಗುತ್ತದೆ, ಸುತ್ತಲ ಲೋಹವೂ ತುಕ್ಕು ಹಿಡಿಯುತ್ತದೆ. ಹಾಗಾಗಿ ಗಾಳಿಯಾಡದ ಪ್ಲಾಸ್ಟಿಕ್ ಚೀಲ ಬೇಡ. ಬಿಚ್ಚಿಟ್ಟ ಪಿಕ್‌ಗಾರ್ಡನ್ನು ಆಮ್ಲರಹಿತ ಕಾಗದದಲ್ಲಿ ಸಡಿಲವಾಗಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಸಪಾಟಾಗಿ, ತಂಪಾದ ಒಣ ಜಾಗದಲ್ಲಿ ಇಡಿ. ಪೆಟ್ಟಿಗೆಯಲ್ಲಿ ಗಾಳಿಯಾಡಲಿ. ಬೇಸ್ ಕೇಸಿನಲ್ಲೇ ಇರುತ್ತದೆ ಅಂದರೆ ಕೇಸನ್ನು ಆಗಾಗ ತೆರೆದಿಡಿ. ತೆರೆದಾಗ ಕರ್ಪೂರದ ಬದಲು ಮೂಗಿಗೆ ಚುಚ್ಚುವ ಹುಳಿ ವಾಸನೆ ಬಂದರೆ, ಇಲ್ಲವೇ ಸ್ಕ್ರೂಗಳು ಇದ್ದಕ್ಕಿದ್ದಂತೆ ತುಕ್ಕು ಹಿಡಿದರೆ, ಪಿಕ್‌ಗಾರ್ಡನ್ನು ಕೂಡಲೇ ಬೇಸಿನಿಂದ ಬೇರೆ ಮಾಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಎಂದೂ ಬಿಡಬೇಡಿ.

ಒರೆಸಲು ಸಾಬೂನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೆತ್ತನೆ ಬಟ್ಟೆ, ತಕ್ಷಣ ಒಣ ಬಟ್ಟೆ. ಸ್ಪಿರಿಟ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಯಾವುದೂ ಬೇಡ. ಉಗುರಿನ ಗೀರು ತಡೆಯಲು ಪಾರದರ್ಶಕ ವಿನೈಲ್ ಹಾಳೆ ಅಂಟಿಸುವವರಿದ್ದಾರೆ. ಮೆತ್ತನೆಯ ವಿನೈಲ್‌ನಿಂದ ಸೋರುವ ಎಣ್ಣೆಯಂಥ ವಸ್ತು ಸೆಲ್ಯುಲಾಯ್ಡನ್ನೂ ಬಾಡಿಯ ನೈಟ್ರೋಸೆಲ್ಯುಲೋಸ್ ವಾರ್ನಿಷನ್ನೂ ಮೆತ್ತಗೆ ಮಾಡುತ್ತದೆ. ಗೀರೇ ವಾಸಿ.

ಬೇರೆ ವರ್ಷದ ಬೇಸ್ ಇರುವವರಿಗೆ ಒಂದು ಮಾತು. 1957ರಿಂದ ಕೆಲವು ವರ್ಷ ಪ್ರಿಸಿಷನ್‌ಗೆ ಬಂದದ್ದು ಚಿನ್ನದ ಬಣ್ಣದ ಆನೋಡೈಸ್ಡ್ (ಮೇಲ್ಮೈಗೆ ವಿದ್ಯುತ್ತಿನಿಂದ ಪದರ ಕಟ್ಟಿಸಿದ) ಅಲ್ಯೂಮಿನಿಯಂ ಪಿಕ್‌ಗಾರ್ಡ್. ಅದು ಸೀಳುವುದಿಲ್ಲ, ಆದರೆ ಬಣ್ಣ ಬೆರಳಿಗೇ ಸವೆಯುತ್ತದೆ. ಲೋಹ ಹೊಳಪಿಸುವ ಪಾಲಿಶ್ ಹಾಕಿದರೆ ಉಳಿದ ಬಣ್ಣವೂ ಹೋಗುತ್ತದೆ, ಮರಳಿ ಬರುವುದಿಲ್ಲ. ಒಣ ಬಟ್ಟೆ ಸಾಕು.

ಈಗಿನ ಸ್ಥಿತಿ

ಹತ್ತು ಸ್ಕ್ರೂ, ಮೂರು ತೂತಿನಲ್ಲಿ ಬರೀ ತಲೆ. ಜ್ಯಾಕ್ ಮೂಲೆಯ ಬೆಸುಗೆ ಗಟ್ಟಿಯಾಗಿದೆ. ನೆಕ್ ಪಕ್ಕದ ಮೇಲಿನ ತುದಿ ಮಾತ್ರ ಬಾಡಿಯಿಂದ ಅರ್ಧ ಮಿ.ಮೀ. ಎದ್ದು ನಿಂತಿದೆ. ಅಲ್ಲಿ ಸ್ಕ್ರೂ ಇಲ್ಲವಲ್ಲ. ಬಿಸಿನೀರು ತಾಗಿಸಿ ಒತ್ತಿದರೆ ಕೂರುತ್ತದೆ ಅನ್ನುವವರಿದ್ದಾರೆ. ಬಿಸಿ ತಾಗಿದರೆ ಇನ್ನಷ್ಟು ಕುಗ್ಗುವ ಭಯ ನನಗೆ, ಹಾಗಾಗಿ ಮುಟ್ಟಿಲ್ಲ. ಬಟ್ಟೆಯ ತೋಳು ಸಿಕ್ಕಿಕೊಳ್ಳದಿದ್ದರೆ ಹಾಗೇ ಬಿಡುವ ಯೋಚನೆ. ಮುಂದಿನ ಸಲ ತಂತಿ ಬದಲಾಯಿಸುವಾಗ ಟ್ರೇಸಿಂಗ್ ಹಾಳೆಯನ್ನು ಮತ್ತೆ ಇಟ್ಟು ಅಳೆಯುತ್ತೇನೆ. ತಾನಾಗಿ ಇಳಿಯುತ್ತಿದ್ದ ಸ್ಕ್ರೂ ಯಾವುದಾದರೂ ಒರಸಲು ಶುರು ಮಾಡಿದ್ದರೆ ಅದನ್ನೂ ತೆಗೆದಿಡುತ್ತೇನೆ.